ಗೊಂಬೆಗಡಿಗೆಯ ಕುಂಚಿಗೆ

ನಾನು ಗಡಿಗೆಗಳಿಗೆ ಕುಂಚಿಗೆ ಹೊಲಿಯುವವಳು. ಪರವೂರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಕೂಸಿಗೆ ಕುಂಚಿಗೆ ಹೊಲಿಯುವುದು ಕೇಳಿದ್ದೇವೆ, ಗಡಿಗೆಗೇನು ನೆಗಡಿಯಾಗುತ್ತದೆಯೇ ಎನ್ನುತ್ತಾರೆ. ನಾನು ಉತ್ತರ ಕೊಡಲು ಹೋಗುವುದಿಲ್ಲ. ಹಾಗೆ ನಕ್ಕವರೇ ನಮ್ಮೂರಿನಲ್ಲಿ ಮನೆ ಹೂಡಿದ ಮೇಲೆ, ಓಣಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಬಾಗಿಲಿಗೆ ಬಂದು, ದಪ್ಪ ಬಟ್ಟೆಯದು ಒಂದು ಹೊಲಿದು ಕೊಡು ಎಂದು ಪಿಸುಗುಡುತ್ತಾರೆ. ಆಗ ನಗುವ ಸರದಿ ನನ್ನದು. ಆದರೂ ನಗುವುದಿಲ್ಲ, ಗಿರಾಕಿಯನ್ನು ನಕ್ಕು ಕಳಿಸಿದರೆ ಹೊಟ್ಟೆಗೆ ಏನು ತಿನ್ನಲಿ?

ನಮ್ಮೂರಿನ ಪ್ರತಿ ಮನೆಯಲ್ಲೂ ಒಂದು ಗೊಂಬೆಗಡಿಗೆ ಇರುತ್ತದೆ. ನೀರಿನ ಕೊಡ ಬೇರೆ, ಕಾಳಿನ ಮಡಕೆ ಬೇರೆ. ಇದು ಮನೆಗೆ ಅಂದ ಬರಲಿ ಎಂದು ಗೋಡೆಯ ಗೂಡಿನಲ್ಲಿ ಇಟ್ಟುಕೊಳ್ಳುವುದು. ಕುಂಬಾರ ಮಾನಪ್ಪ ತಿಗರಿಯ ಮೇಲೆ ಹೊಟ್ಟೆಯನ್ನು ಎತ್ತಿ ನಿಲ್ಲಿಸಿ, ಆಮೇಲೆ ಬರೀ ಬೆರಳಿನಿಂದ ಮೂಗು, ಗಲ್ಲ, ಕಿವಿ, ತುರುಬು ಕೂಡಿಸುತ್ತಾನೆ. ಎರಡು ಕೈಗಳನ್ನು ಹೊಸೆದು ಹೊಟ್ಟೆಯ ಮೇಲೆ ಮಡಿಸಿ ಇಡುತ್ತಾನೆ. ಕಣ್ಣಿನ ಜಾಗದಲ್ಲಿ ಕಡ್ಡಿಯಿಂದ ಎರಡು ತೂತು. ಅವನ ಆವಿಗೆಯಿಂದ ಹೊರಬಂದ ಮೇಲೆ ಹಸಿರು ಮೆರುಗು ಒಂದೊಂದು ಕಡೆ ದಪ್ಪ, ಒಂದೊಂದು ಕಡೆ ತೆಳು ನಿಂತಿರುತ್ತದೆ. ಪೇಟ ಸುತ್ತಿದ ಮುದುಕ, ಬಸುರಿ, ಆಕಳಿಸುವ ಹುಡುಗಿ, ಹೀಗೆ ಒಂದರ ಹಾಗೆ ಇನ್ನೊಂದಿಲ್ಲ. ತಲೆಯ ಮೇಲಿನ ಬಾಯಿಗೆ ಜನ ಹೂವು ಸಿಕ್ಕಿಸುತ್ತಾರೆ, ಹೂವು ಇಲ್ಲದ ದಿನ ನವಿಲುಗರಿ ಇಡುತ್ತಾರೆ.

ಆ ಗಡಿಗೆಗಳು ತಿರುಗುತ್ತವೆ. ನಿಮ್ಮ ಕಣ್ಣೆದುರು ತಿರುಗುವುದಿಲ್ಲ, ಸಾರಿಗೆ ಉಪ್ಪು ಹಾಕಿ ಬರುವಷ್ಟರಲ್ಲಿ ತಿರುಗಿರುತ್ತವೆ. ಮನೆಯಲ್ಲಿ ಯಾರ ಜೀವಕ್ಕೆ ಎಲ್ಲರಿಗಿಂತ ಹೆಚ್ಚು ಒಂಟಿ ಅನ್ನಿಸುತ್ತಿದೆಯೋ ಅವರ ಕಡೆಗೆ ಮುಖ ಮಾಡುತ್ತವೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳಲ್ಲಿ ಒಂದು ತಿಂಗಳು ಇವನ ಕಡೆ, ಒಂದು ತಿಂಗಳು ಇವಳ ಕಡೆ. ಮಕ್ಕಳ ಕಡೆ ತಿರುಗಿತೆಂದರೆ ತಾಯಂದಿರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದು ಉಂಡಿ ಕೊಟ್ಟು ಮಾತಾಡಿಸುತ್ತಾರೆ. ಚಾವಡಿಯಲ್ಲಿ ಒಂದು ಗಡಿಗೆ ಇಟ್ಟಿದ್ದರು. ಅದು ಸಾಹೇಬರ ಕುರ್ಚಿಯ ಕಡೆಗೇ ನೋಡುತ್ತಿತ್ತಂತೆ. ಯಾರೂ ಒಂದು ಮಾತು ಆಡಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನಗೆ ಮನೆಯಲ್ಲಿ ಎಲ್ಲಾ ಸುಖವಾಗಿದೆ ಎಂದು ಅವರೇ ಬಂದವರಿಗೆಲ್ಲ ಹೇಳತೊಡಗಿ, ಕಡೆಗೆ ಅದನ್ನು ಕಪಾಟಿನಲ್ಲಿ ಇಡಿಸಿದರು.

ಮನೆಯ ಮಂದಿ ತಮ್ಮತಮ್ಮಲ್ಲಿ ನೋಡಿಕೊಂಡರೆ ಅಡ್ಡಿಯಿಲ್ಲ. ಬೀಗರು ಬಂದಾಗ, ಹೆಣ್ಣು ನೋಡಲು ಬಂದಾಗ, ಹೊಸ ಸೊಸೆಯ ತವರಿನವರು ಬಂದಾಗ ಗಡಿಗೆ ಯಾರ ಕಡೆ ನೋಡುತ್ತಿದೆ ಎನ್ನುವುದು ಕಂಡರೆ ಮರ್ಯಾದೆಯ ಪ್ರಶ್ನೆ. ಬಂದವರ ಕಡೆಗೇ ತಿರುಗಿತೆಂದರೆ ಇನ್ನೂ ಫಜೀತಿ. ಅದಕ್ಕೇ ಕುಂಚಿಗೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾದರೆ ಸಾಕು, ಒಳಗಿನಿಂದ ಒಬ್ಬರು ಎದ್ದು ಗಡಿಗೆಯ ತಲೆಗೆ ಮುಖ ಮುಚ್ಚುವ ಹಾಗೆ ಕುಂಚಿಗೆ ಹಾಕಿ ಗದ್ದದ ಕೆಳಗೆ ಲಾಡಿ ಬಿಗಿಯುತ್ತಾರೆ. ಆಮೇಲೆ ಬರ್ರಿ, ಕುಂದರ್ರಿ.

ನನ್ನ ಮನೆಯಲ್ಲಿ ಇರುವುದು ನಾನೊಬ್ಬಳೇ. ಅವ್ವ ಹೋದ ಮೇಲೆ ಒಬ್ಬಳೇ. ನನ್ನ ಗಡಿಗೆಗೆ ಉಬ್ಬಿದ ಗಲ್ಲಗಳು, ಬಾಯಿ ತುಂಬ ಚುರಮುರಿ ತುಂಬಿಕೊಂಡು ನಗು ತಡೆದವಳ ಹಾಗೆ. ಅದಕ್ಕೆ ಗಲ್ಲವ್ವ ಎಂದು ಹೆಸರಿಟ್ಟಿದ್ದೆ. ನನ್ನನ್ನು ಬಿಟ್ಟರೆ ನೋಡಲು ಬೇರೆ ಯಾರಿದ್ದರು ಅದಕ್ಕೆ? ಒಲೆಯ ಮುಂದೆ ಕೂತರೆ ಒಲೆಯ ಕಡೆ, ಮಶಿನ್ನಿನ ಮುಂದೆ ಕೂತರೆ ಮಶಿನ್ನಿನ ಕಡೆ. ಊರಿನವರು ಪಾಪ ಎನ್ನುತ್ತಿದ್ದರು. ಅವರು ಏನಾದರೂ ಅಂದುಕೊಳ್ಳಲಿ, ನನಗೆ ಅದು ಸಮಾಧಾನವಾಗಿತ್ತು. ದಿನವೆಲ್ಲ ನೀನು ಎಲ್ಲಿ ಕೂತಿದ್ದೀಯ ಎಂದು ಗಮನ ಇಡುವವರು ಒಬ್ಬರಿರುವುದು ಸಣ್ಣ ವಿಷಯವಲ್ಲ. ಗಂಡಂದಿರಿದ್ದವರಿಗೂ ಅದು ಸಿಗುವುದಿಲ್ಲ ಎಂದು ಕುಂಚಿಗೆ ಹೊಲಿಯುವ ನನಗೆ ಚೆನ್ನಾಗಿ ಗೊತ್ತು. ಇವತ್ತು ದಾರ ಗಂಟಾಯಿತು, ಇವತ್ತು ಸಾರು ಹಳಸಿತು ಎಂದು ಗಲ್ಲವ್ವನಿಗೆ ಹೇಳುತ್ತಿದ್ದೆ. ಅದು ನೋಡುತ್ತಿತ್ತು.

ನನ್ನ ಮನೆಗೂ ಗುರುಸಿದ್ದವ್ವನ ಮನೆಗೂ ನಡುವೆ ಒಂದೇ ಗೋಡೆ. ಗುರುಸಿದ್ದವ್ವನ ಮನೆಯೆಂದರೆ ಮೂರು ಮಂದಿ ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬಂದವರು, ಹೋದವರು. ಆಕೆ ಅರವತ್ತು ದಾಟಿದ ವಿಧವೆ, ಹೆಂಚು ಹಾರುವಂಥ ದನಿ. ಊರಿನ ಯಾವ ಮುದುಕ ಹೇಗೆ ನಡೆಯುತ್ತಾನೆ, ಯಾವ ಮಾಸ್ತರು ಹೇಗೆ ಕೆಮ್ಮುತ್ತಾನೆ ಎಂದು ಆಕೆ ಮಾಡಿ ತೋರಿಸಿದರೆ ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆ ನಗು ಗೋಡೆ ದಾಟಿ ನನ್ನ ಮನೆಗೂ ಬರುತ್ತಿತ್ತು. ಯಾಕೆ ನಗುತ್ತಿದ್ದಾರೆ ಎಂದು ಗೊತ್ತಾಗದೆ ಬರೀ ನಗು ಕೇಳುತ್ತಾ ಕೂರುವುದಿದೆಯಲ್ಲ, ಅದರಷ್ಟು ಹೊಟ್ಟೆ ಉರಿಸುವುದು ಬೇರೊಂದಿಲ್ಲ.

ಅವರ ಮನೆಯ ಮೇಲೆ ನನಗೆ ಇನ್ನೊಂದು ಸಿಟ್ಟಿತ್ತು. ಅವರು ಒಂದು ಕುಂಚಿಗೆಯನ್ನೂ ಕೊಂಡವರಲ್ಲ. ಗುರುಸಿದ್ದವ್ವನ ಗಂಡ ಎಂದೋ ಸುಣ್ಣ, ಮರಳು, ಬೆಲ್ಲ ಕಲಸಿದ ಗಾರೆ ಹಾಕಿ ಗಡಿಗೆಯ ಬುಡವನ್ನು ಗೂಡಿಗೆ ಕೂಡಿಸಿಬಿಟ್ಟಿದ್ದ. ಪೇಟ ಸುತ್ತಿದ ಆ ಗಡಿಗೆಯಪ್ಪ ಹಗಲೂ ರಾತ್ರಿ ತಲೆಬಾಗಿಲಿನ ಕಡೆಗೇ ನೋಡುತ್ತಾ ಬಂದವರಿಗೆ ಸ್ವಾಗತ ಹೇಳುತ್ತಿದ್ದ. ಅವರನ್ನು ನೋಡಿ ನಾಕು ಕಾಸು ಇದ್ದ ಬೇರೆ ಮನೆಗಳಲ್ಲೂ ಹೀಗೆ ಗಾರೆ ಹಾಕುವ ರೂಢಿ ಈಚೆಗೆ ಶುರುವಾಗಿತ್ತು. ನನ್ನ ಹೊಟ್ಟೆಯ ಮೇಲೆ ಹೊಡೆಯುವ ರೂಢಿ.

ಆ ವರ್ಷ ಬೇಸಿಗೆಗೆ ಮುಂಚೆ ಗುರುಸಿದ್ದವ್ವನ ನೆಗೆಣ್ಣಿ ಶಿವಗಂಗವ್ವ ತೀರಿಕೊಂಡಳು. ಅವಳು ಗುರುಸಿದ್ದವ್ವನ ಮೈದುನನ ಹೆಂಡತಿ, ಮಕ್ಕಳಿಲ್ಲದವಳು, ಮೆಲುದನಿಯವಳು. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಒಲೆಯ ಮುಂದೆ ಕೂತವರು. ನಾನೂ ಮಣ್ಣಿಗೆ ಹೋಗಿ ಬಂದೆ. ಸ್ವಲ್ಪ ದಿನ ಆ ಮನೆ ಸುಮ್ಮನಿತ್ತು. ಆಮೇಲೆ ಗುರುಸಿದ್ದವ್ವನ ದನಿ ಮತ್ತೆ ಎದ್ದಿತು, ನಗುವೂ ಎದ್ದಿತು. ದೊಡ್ಡ ಮನೆಯಲ್ಲಿ ದುಃಖವೂ ಹಂಚಿಹೋಗಿ ಬೇಗ ಮುಗಿಯುತ್ತದೆ ಎಂದುಕೊಂಡೆ.

ಆಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಗಲ್ಲವ್ವ ನನಗೆ ಬೆನ್ನು ಮಾಡಿ ಕೂತಿತ್ತು. ಅದರ ಬೆನ್ನು ನಾನು ಸರಿಯಾಗಿ ನೋಡಿದ್ದೇ ಅವತ್ತು. ಅಲ್ಲಿ ಮೆರುಗು ಹತ್ತಿರಲಿಲ್ಲ, ಬರೀ ಕೆಂಪು ಮಣ್ಣು, ಮಾನಪ್ಪನ ಹೆಬ್ಬೆರಳಿನ ಗುರುತು. ಗುರುಸಿದ್ದವ್ವನ ಮನೆಯ ಗೋಡೆಯ ಕಡೆ ಮುಖ ಮಾಡಿತ್ತು. ಇಲಿ ಓಡಾಡಿ ಸರಿದಿರಬೇಕು ಎಂದು ನಾನು ಎತ್ತಿ ನನ್ನ ಕಡೆ ತಿರುಗಿಸಿ ಇಟ್ಟೆ. ಹಾಲು ಕಾಯಿಸಿ ಬರುವಷ್ಟರಲ್ಲಿ ಮತ್ತೆ ಗೋಡೆ. ಮರುದಿನವೂ ಗೋಡೆ. ಆ ಗೋಡೆಗೇ ಬೆನ್ನು ಹಚ್ಚಿ ಕೂತೆ, ಈಗಲಾದರೂ ಅದರ ಕಣ್ಣಿಗೆ ಬೀಳಲಿ ಎಂದು. ಮುಖವೇನೋ ನನ್ನ ಕಡೆ ಇತ್ತು, ಆದರೆ ಅದು ನನ್ನನ್ನು ನೋಡುತ್ತಿರಲಿಲ್ಲ. ಬೀದಿಯಲ್ಲಿ ನಿಮ್ಮ ಹಿಂದೆ ನಿಂತವರಿಗೆ ಯಾರೋ ಕೈಬೀಸಿದಾಗ ಆಗುತ್ತದಲ್ಲ, ಹಾಗಾಯಿತು. ನಾನು ನಾಚಿ ಎದ್ದುಬಿಟ್ಟೆ.

ಮಾನಪ್ಪನ ಹತ್ತಿರ ಹೋಗಿ ನಿನ್ನ ಗಡಿಗೆ ಕೆಟ್ಟಿದೆ ಎಂದೆ. ಆತ ಜೇಡಿ ತುಳಿಯುತ್ತಿದ್ದ. ತುಳಿಯುತ್ತಲೇ, ಮಣ್ಣು ಕೆಡುವುದಿಲ್ಲ ತಂಗಿ, ಬೇಕಾದರೆ ಇನ್ನೊಂದು ಒಯ್ದು ಪಕ್ಕಕ್ಕಿಟ್ಟು ನೋಡು ಎಂದ. ಆಕಳಿಸುವ ಹುಡುಗಿಯ ಗಡಿಗೆಯೊಂದನ್ನು ಹೊತ್ತುಕೊಂಡು ಬಂದು ಗಲ್ಲವ್ವನ ಪಕ್ಕಕ್ಕಿಟ್ಟೆ. ಹೊಸದಕ್ಕೆ ಒಂದು ಚೆಂಡುಹೂವನ್ನೂ ಸಿಕ್ಕಿಸಿದೆ, ಲಂಚದ ಹಾಗೆ. ಕೈ ತೊಳೆದು ಬಂದು ನೋಡಿದರೆ ಎರಡು ಬೆನ್ನುಗಳು. ನಾನು ನೆಲದ ಮೇಲೆ ಕೂತು ಅತ್ತೆ. ಅವ್ವ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ, ಯಾಕೆಂದರೆ ಅವತ್ತು ಅಳುವುದನ್ನು ನೋಡಲು ಗಲ್ಲವ್ವ ಇತ್ತು.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯತೊಡಗಿತು. ಗೋಡೆಯ ಆಚೆ, ಅಷ್ಟು ಜನರ ನಡುವೆ, ನನಗಿಂತ ಒಂಟಿಯಾದವರು ಒಬ್ಬರಿದ್ದಾರೆ. ಅವರನ್ನು ನೋಡಬೇಕಾದ ಗಡಿಗೆ ಗಾರೆಯಲ್ಲಿ ಸಿಕ್ಕಿಕೊಂಡು ಬಾಗಿಲು ನೋಡುತ್ತಿದೆ. ಅದಕ್ಕೇ ನನ್ನದನ್ನು ಎಳೆದುಕೊಂಡಿದ್ದಾರೆ. ಕರುಣೆ ಬರಬೇಕಾಗಿತ್ತು, ನನಗೆ ಸಿಟ್ಟು ಬಂತು. ಮನೆ ತುಂಬ ಮಂದಿ ಇಟ್ಟುಕೊಂಡು ನನ್ನ ಒಂದು ಗಡಿಗೆಯ ಮೇಲೆ ಕಣ್ಣು ಹಾಕಿದವರು ಯಾರು? ಕಿರಿಯ ಸೊಸೆ ಸುಗಂಧಾಳೇ ಇರಬೇಕು ಎಂದು ತೀರ್ಮಾನ ಮಾಡಿದೆ. ಹೊಸದಾಗಿ ಬಂದವಳು, ತವರು ದೂರ.

ಕುಂಚಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಯಾರ ಮನೆಗೇ ಹೋಗಲಿ, ನಾನು ಚೀಲವಿಲ್ಲದೆ ಹೋದವಳಲ್ಲ. ಗಾರೆ ಹಾಕಿದ ಗಡಿಗೆಗೂ ಹಬ್ಬಕ್ಕೊಂದು ಜರಿ ಕುಂಚಿಗೆ ಇರಲಿ ಎಂದು ಸುಳ್ಳು ನೆವ ಹೇಳಿದೆ. ಸುಗಂಧಾ ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಣ್ಣ ಆರಿಸಿದಳು, ಅತ್ತೆಯ ನಕಲು ಮಾಡಿ ತೋರಿಸಿದಳು, ಗಂಡನನ್ನು ಕರೆದು ಇದು ಚಂದವೋ ಅದು ಚಂದವೋ ಎಂದು ಕೇಳಿದಳು. ಕೊರಗುವ ಹೆಣ್ಣು ಹಾಗಿರುವುದಿಲ್ಲ. ಗುರುಸಿದ್ದವ್ವ ಪಡಸಾಲೆಯಲ್ಲಿ ಕೂತು, ನಾನು ಚೀಲ ಹಿಡಿದುಕೊಂಡು ನಡೆಯುವ ರೀತಿಯನ್ನು ನನ್ನೆದುರಿಗೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ, ಏನು ಮಾಡಲಿ? ಒಂದೂ ಮಾರಾಟವಾಗದೆ ಮನೆಗೆ ಬಂದೆ. ಗಡಿಗೆಗಳೆರಡೂ ಗೋಡೆಯ ಕಡೆಗೇ ಇದ್ದವು.

ಅದಾಗಿ ನಾಲ್ಕಾರು ದಿನಕ್ಕೆ ಗುರುಸಿದ್ದವ್ವ ತಾನೇ ನನ್ನ ಮನೆಗೆ ಬಂದಳು. ಮಧ್ಯಾಹ್ನದ ಹೊತ್ತು, ಓಣಿಯೆಲ್ಲ ಮಲಗಿತ್ತು. ಚಪ್ಪಲಿಯ ಸಪ್ಪಳ ಕೇಳಿದ್ದೇ ನಾನು ಆಕಳಿಸುವ ಹುಡುಗಿಯನ್ನು ಮಂಚದ ಕೆಳಗೆ ತಳ್ಳಿ, ಗಲ್ಲವ್ವನ ತಲೆಗೆ ಕೈಗೆ ಸಿಕ್ಕ ಕುಂಚಿಗೆ ಹಾಕಿದೆ. ನನ್ನ ಗಡಿಗೆ ನನಗೇ ಬೆನ್ನು ಕೊಟ್ಟಿದೆ ಎನ್ನುವುದು ಊರಿಗೆ ಗೊತ್ತಾಗುವುದು ಬೇಡವಾಗಿತ್ತು. ಗುರುಸಿದ್ದವ್ವ ಒಳಗೆ ಬಂದು, ಮೊಮ್ಮಗಳ ಲಂಗದ ಅಂಚು ಬಿಚ್ಚಿದೆ, ಒಂದು ಹೊಲಿಗೆ ಹಾಕಿ ಕೊಡು ಎಂದಳು. ಅಷ್ಟು ಸೊಸೆಯಂದಿರಿರುವ ಮನೆಯಲ್ಲಿ ಲಂಗದ ಅಂಚು ಹೊಲಿಯುವವರು ಇರಲಿಲ್ಲವೇ? ನಾನು ಕೇಳಲಿಲ್ಲ. ಕುಂದರ್ರಿ ಅಕ್ಕಾರ ಎಂದು ಚಾಪೆ ಹಾಸಿ, ಚಹಾ ಇಡಲು ಒಳಗೆ ಹೋದೆ.

ಚಹಾ ತರುವಾಗ ನೋಡಿದೆ. ನಾನು ಹಾಕಿದ್ದು ತೆಳು ಬಟ್ಟೆಯ ಕುಂಚಿಗೆ. ನನ್ನ ಹೊಲಿಗೆಯೋ ಗಡಿಗೆಯ ಮೈಗೆ ಅಂಟಿದ ಹಾಗೆ ಕೂರುವಂಥದ್ದು. ಎರಡು ಗಲ್ಲ, ಒಂದು ಮೂಗು ಬಟ್ಟೆಯಲ್ಲಿ ಉಬ್ಬಿ ಕಾಣುತ್ತಿದ್ದವು. ಗೋಡೆಯ ಕಡೆ ಇದ್ದ ಆ ಮೂಗು ಈಗ ಸುತ್ತು ಹಾಕಿ, ಚಾಪೆಯ ಮೇಲೆ ಕೂತ ಗುರುಸಿದ್ದವ್ವನ ಕಡೆ ಬಂದಿತ್ತು. ಗದ್ದದ ಕೆಳಗಿನ ಲಾಡಿ ಹಗ್ಗದ ಹಾಗೆ ತಿರುಚಿಕೊಂಡಿತ್ತು.

ಆಕೆಯೂ ಅದನ್ನು ನೋಡಿದ್ದಳು. ಚಹಾ ಹಿಡಿದುಕೊಂಡು ನಿಂತ ನನ್ನನ್ನು ನೋಡಿದಳು. ಏನಾದರೂ ಹೇಳಿ ನಗಿಸಲು ಆಕೆಯ ಬಾಯಿ ತೆರೆಯಿತು, ಮಾತು ಬರಲಿಲ್ಲ. ಆಕೆಯ ಬಾಯಿಂದ ಮಾತು ಬಾರದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಲೋಟ ಕೆಳಗಿಟ್ಟು, ಇನ್ನು ಮುಚ್ಚಿ ಏನು ಪ್ರಯೋಜನ ಎಂದು ಲಾಡಿ ಬಿಚ್ಚಿ ಕುಂಚಿಗೆ ತೆಗೆದೆ. ಗಲ್ಲವ್ವ ಆಕೆಯನ್ನೇ ನೋಡುತ್ತಿತ್ತು.

"ನನ್ನ ಗಡಿಗಿನೂ ಹಿಂಗ ನೋಡತಿತ್ತು" ಎಂದಳು ಗುರುಸಿದ್ದವ್ವ. "ನಾ ಹೊಸದಾಗಿ ಬಂದಾಗ. ಯಾರ ಬರಲಿ, ಯಾರ ಹೋಗಲಿ, ನನ್ನ ಕಡೆನ. ನಮ್ಮತ್ತೀಗೆ ಸಿಟ್ಟು, ನಮ್ಮ ಮನ್ಯಾಗ ನಿನಗೇನ ಕಡಿಮಿ ಮಾಡೇವಿ ಅಂತ. ನಮ್ಮವರು ಗಾರಿ ಹಾಕಿಬಿಟ್ರು. ಕಲಸಿ ಕೊಟ್ಟಾಕಿ ನಾನ."

ಆಮೇಲೆ ಶಿವಗಂಗವ್ವ ನೆಗೆಣ್ಣಿಯಾಗಿ ಆ ಮನೆಗೆ ಬಂದಳಂತೆ. ಅವಳ ಮುಂದೆ ಗುರುಸಿದ್ದವ್ವ ಯಾರನ್ನೂ ನಗಿಸಬೇಕಾಗಿರಲಿಲ್ಲ. ಇಬ್ಬರೂ ಒಲೆಯ ಮುಂದೆ ಮಾತಿಲ್ಲದೆ ಕೂತು ಅವರೆಕಾಯಿ ಸುಲಿದು ಮುಗಿಸುತ್ತಿದ್ದರು. ಗಾರೆಯಲ್ಲಿ ಸಿಕ್ಕ ಗಡಿಗೆಯ ನೆನಪೇ ಬಂದಿರಲಿಲ್ಲ. ಈಗ ಮಕ್ಕಳು ಚಿನ್ನದಂಥವರು, ಸೊಸೆಯಂದಿರು ಕೈಗೆ ಕೈ ಜೋಡಿಸುವವರು, ದೂರಲು ಒಂದು ಎಳೆ ಸಿಗದು.

"ಖರೇ ಹೇಳ್ತೀನಿ ನೀಲಾ" ಎಂದಳು. "ಒಂದಿನ ಸುಮ್ಮನ ಕುಂತ್ನೆಂದ್ರ ಎಲ್ಲಾರೂ ಓಡಿ ಬರ್ತಾರ. ಯವ್ವಾ ಆರಾಮಿಲ್ಲೇನು ಅಂತಾರ. ಗುಳಗಿ ಕೊಡ್ತಾರ. ನಗಿಸಬೇಕು, ಇಲ್ಲಾ ಗುಳಗಿ ನುಂಗಬೇಕು. ನಗಸೂದ ಚಲೋ ಅನಸತೈತಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವತ್ತಿನಿಂದ ಆಕೆ ಮಧ್ಯಾಹ್ನಗಳಲ್ಲಿ ಬರತೊಡಗಿದಳು. ನಾನು ಮಶಿನ್ನು ತುಳಿಯುತ್ತಿದ್ದೆ, ಆಕೆ ಲಾಡಿಗಳಿಗೆ ಗೊಂಡೆ ಕಟ್ಟುತ್ತಿದ್ದಳು. ಮಾತಾಡಬೇಕೆಂಬ ಒತ್ತಾಯವಿರಲಿಲ್ಲ. ಒಮ್ಮೊಮ್ಮೆ ನಾನೇ ಹೇಳುತ್ತಿದ್ದೆ. ನನಗೆ ಹತ್ತೊಂಬತ್ತು ಇದ್ದಾಗ ನೋಡಲು ಬಂದ ಗಂಡಿನ ಕಡೆಯವರು, ಮನೆ ತುಂಬ ಜನ ಇದ್ದರೂ ಗಡಿಗೆ ಹುಡುಗಿಯ ಕಡೆಗೇ ನೋಡುತ್ತಿದೆ, ಇಂಥವಳನ್ನು ಒಯ್ದು ಏನು ಮಾಡುವುದು ಎಂದು ಅವಲಕ್ಕಿಯನ್ನೂ ಮುಟ್ಟದೆ ಎದ್ದು ಹೋದದ್ದು. ಅವ್ವ ಅದೇ ಸಂಜೆ ನನ್ನ ಹಳೇ ಲಂಗ ಹರಿದು ಊರಿನ ಮೊದಲ ಕುಂಚಿಗೆ ಹೊಲಿದದ್ದು. ಹೊಲಿದದ್ದು ಚೆನ್ನಾಗಿತ್ತು, ಆದರೆ ಮತ್ತೆ ನೋಡಲು ಯಾರೂ ಬರಲಿಲ್ಲ ಎನ್ನುವುದು. ಇದನ್ನೆಲ್ಲ ನಾನು ಗಲ್ಲವ್ವನಿಗೆ ಬಿಟ್ಟರೆ ಬೇರೆಯವರಿಗೆ ಹೇಳಿರಲಿಲ್ಲ. ಗುರುಸಿದ್ದವ್ವ ಅಯ್ಯೋ ಪಾಪ ಎನ್ನಲಿಲ್ಲ. ಗೊಂಡೆ ಕಟ್ಟುತ್ತಾ, ಆ ಗಂಡು ಯಾವೂರವನು ಎಂದು ಮಾತ್ರ ಕೇಳಿದಳು.

ಗಲ್ಲವ್ವ ಆಕೆಯನ್ನು ನೋಡುತ್ತಿತ್ತು, ಆಕೆ ಹೋದ ಮೇಲೆ ಗೋಡೆಯನ್ನು ನೋಡುತ್ತಿತ್ತು. ನನಗೆ ಬೆನ್ನೇ. ಆದರೆ ಈಗ ಆ ಬೆನ್ನು ಚುಚ್ಚುತ್ತಿರಲಿಲ್ಲ. ಮಧ್ಯಾಹ್ನವಾದರೆ ಚಪ್ಪಲಿಯ ಸಪ್ಪಳ ಬರುತ್ತದೆ ಎಂದು ಗೊತ್ತಿತ್ತಲ್ಲ. ಆಕಳಿಸುವ ಹುಡುಗಿಯನ್ನು ಮಾನಪ್ಪನಿಗೆ ಹಿಂದಕ್ಕೆ ಕೊಟ್ಟು ಬಂದೆ.

ಹೀಗೇ ಇದ್ದಿದ್ದರೆ ನನಗೆ ಸಾಕಾಗಿತ್ತು. ಮಳೆಗಾಲ ಹತ್ತಿರ ಬಂದಾಗ ಒಂದು ದಿನ ಗುರುಸಿದ್ದವ್ವ ಗೊಂಡೆ ಕಟ್ಟುವುದನ್ನು ನಿಲ್ಲಿಸಿ, ತನ್ನ ಗಡಿಗೆಯ ಗಾರೆ ಬಿಡಿಸಬೇಕು ಎಂದಳು. ಮನೆಯವರೆಲ್ಲ ನೆಂಟರ ಮದುವೆಗೆ ಹೋಗುವವರಿದ್ದರು, ತಾನು ಮೊಣಕಾಲು ನೋವಿನ ನೆವ ಹೇಳಿ ಉಳಿಯುತ್ತೇನೆ, ನೀನು ಬಾ ಎಂದಳು.

"ಬಾಯಿಂದ ಹೇಳಾಕ ಬರವಲ್ದು ನನಗ" ಎಂದಳು. "ಏನಂತ ಹೇಳ್ಲಿ? ನೀವೆಲ್ಲಾ ಇದ್ದೂ ನಾ ಒಬ್ಬಾಕೆ ಅಂತ ಹೆಂಗ ಹೇಳ್ಲಿ ಹಡದ ಮಕ್ಕಳಿಗೆ? ಗಡಿಗಿನ ಹೇಳಲಿ."

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ಪೋಣಿಸುತ್ತಲೇ ಇದ್ದೆ. ಗಾರೆ ಬಿಟ್ಟರೆ ಏನಾಗುತ್ತದೆ ಎನ್ನುವುದು ಲೆಕ್ಕ ಬಾರದವರಿಗೂ ತಿಳಿಯುವ ಮಾತು. ಆಕೆಯ ಗಡಿಗೆ ಆಕೆಯನ್ನು ನೋಡುತ್ತದೆ, ಮನೆಯವರು ನೋಡುತ್ತಾರೆ, ಮಕ್ಕಳು ಚಿನ್ನದಂಥವರು. ಆಮೇಲೆ ಲಾಡಿಗೆ ಗೊಂಡೆ ಕಟ್ಟಲು ಆಕೆ ಇಲ್ಲಿಗೆ ಯಾಕೆ ಬರುತ್ತಾಳೆ? ಹಳೆಯ ಗಾರೆ ಬಿಡುವುದಿಲ್ಲ, ಗಡಿಗೆ ಒಡೆದು ಹೋದೀತು ಎಂದು ಒಂದು ಮಾತು ಹೇಳಿದ್ದರೆ ಆಕೆ ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಕೆ ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು. ಬರ್ತೀನಿ ಅಕ್ಕಾರ ಎಂದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ದೊಣ್ಣೆಯ ಕೆಲಸ ಮಾಡದೆ ಗಾರೆ ಬಿಡಿಸುವುದಕ್ಕೆ ನಮಗೆ ಇಡೀ ದಿನ ಹಿಡಿಯಿತು. ನೀರು ಸುರಿದು ನೆನೆಸಿ, ನಾನು ಡಬ್ಬಣದಿಂದ ಕೆರೆದೆ, ಆಕೆ ಚಿಮಣಿ ಬುಡ್ಡಿಯಷ್ಟು ಜೋಪಾನವಾಗಿ ಎರಡು ಕೈಯಲ್ಲಿ ಗಡಿಗೆಯನ್ನು ಹಿಡಿದುಕೊಂಡಳು. ಬುಡದಲ್ಲಿ ಒಂದು ಚಕ್ಕೆ ಎದ್ದಿತು, ಅಷ್ಟೇ. ಗಡಿಗೆಯಪ್ಪ ಕೈಗೆ ಬಂದಾಗ ಆಕೆ ಅವನ ಮುಖದ ಧೂಳನ್ನು ಸೆರಗಿನಿಂದ ಒರೆಸಿ ಮತ್ತೆ ಗೂಡಿನಲ್ಲಿ ಇಟ್ಟಳು. ಇಬ್ಬರೂ ಹಿತ್ತಲಿಗೆ ಹೋಗಿ ಕೈ ಕಾಲು ತೊಳೆದುಕೊಂಡು ಬಂದೆವು. ಅಷ್ಟು ವರ್ಷ ಬಾಗಿಲು ನೋಡಿದ್ದವನು ಆಕೆಯ ಕಡೆ ತಿರುಗಿದ್ದ. ಗುರುಸಿದ್ದವ್ವ ಕಣ್ಣೀರು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು. ಮದುವೆಯ ಮಂದಿ ಬರುವ ಮೊದಲೇ ನಾನು ಮನೆಗೆ ಬಂದೆ.

ಅವತ್ತು ಗೋಡೆಯ ಆಚೆ ಗಾಡಿ ನಿಂತದ್ದು, ಮಕ್ಕಳು ಕೂಗಿದ್ದು ಕೇಳಿತು. ಆಮೇಲೆ ಇಡೀ ಮನೆ ಸುಮ್ಮನಾಯಿತು. ಹಿರಿಯ ಮಗ ಯವ್ವಾ ಎಂದದ್ದು ಕೇಳಿತು. ಆಮೇಲಿನದು ಕೇಳಬಾರದೆಂದು ನಾನು ಮಶಿನ್ನು ತುಳಿಯತೊಡಗಿದೆ, ಬಟ್ಟೆಯಿಲ್ಲದ ಮಶಿನ್ನು.

ಮರುದಿನ ಗುರುಸಿದ್ದವ್ವ ಬರಲಿಲ್ಲ. ಆ ವಾರವೂ ಬರಲಿಲ್ಲ. ಸುಗಂಧಾ ಅತ್ತೆಯ ಜೊತೆ ಒಲೆಯ ಮುಂದೆ ಕೂರುತ್ತಿದ್ದಾಳೆ, ಗಂಡುಮಕ್ಕಳು ಸರದಿಯಲ್ಲಿ ಆಕೆಯನ್ನು ಕೆರೆಯ ಕಡೆ ಸುತ್ತಾಡಿಸಿ ತರುತ್ತಾರೆ ಎಂದು ಓಣಿಯಲ್ಲಿ ಮಾತಾಡಿಕೊಂಡರು. ಒಂದು ದಿನ ಬಾಗಿಲಲ್ಲಿ ಎದುರಾದಾಗ, ಮನಿ ಮಂದಿ ಬಿಡವಲ್ರು ನೋಡವ್ವಾ ಎಂದು ಆಕೆ ನಕ್ಕಳು. ನಿಜವಾದ ನಗು, ಯಾರನ್ನೂ ನಗಿಸುವುದಕ್ಕಲ್ಲದ್ದು. ನನಗೆ ಸಂತೋಷವಾಯಿತು. ಸಂತೋಷವಾದದ್ದು ನಿಜ.

ಗಲ್ಲವ್ವ ನನ್ನ ಕಡೆ ತಿರುಗಿತ್ತು. ನಾನು ಬೇಡಿಕೊಂಡದ್ದು, ಅತ್ತದ್ದು ಇದಕ್ಕೇ. ಒಲೆಯ ಮುಂದೆ ಕೂತರೆ ಒಲೆಯ ಕಡೆ, ಮಶಿನ್ನಿನ ಮುಂದೆ ಕೂತರೆ ಮಶಿನ್ನಿನ ಕಡೆ. ಮಧ್ಯಾಹ್ನವಾದರೆ ನಾನು ಬಾಗಿಲು ನೋಡುತ್ತಿದ್ದೆ, ಅದು ಬಾಗಿಲು ನೋಡುವ ನನ್ನನ್ನು ನೋಡುತ್ತಿತ್ತು. ದಾರ ಗಂಟಾಯಿತು ಎಂದು ಹೇಳಿದರೆ ಯಾವೂರಿನ ದಾರ ಎಂದು ಅದು ಕೇಳುತ್ತದೆಯೇ? ಮೊದಲು ಅದರ ನೋಟದಿಂದ ಬೆಚ್ಚಗಾಗುತ್ತಿತ್ತು. ಈಗ ಊಟಕ್ಕೆ ಕೂತರೆ ನಾನೇ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಹೀಗೆ ಒಂಟಿಯಾಗಿ ನಾನು ಎಂದೂ ಇರಲಿಲ್ಲ ಎಂದು ಅನ್ನಿಸಿತು. ಇದ್ದೆ, ಆದರೆ ಗೊತ್ತಿರಲಿಲ್ಲ.

ಒಂದು ಸಂಜೆ ಗೋಡೆಯ ಆಚೆ ಊಟಕ್ಕೆ ಕೂರುವ ಗದ್ದಲ ಕೇಳುತ್ತಿತ್ತು. ನಾನು ಎದ್ದೆ. ಅಭ್ಯಾಸಬಲದಿಂದ ಕೈ ಚೀಲಕ್ಕೆ ಹೋಯಿತು, ಚೀಲ ತೆಗೆದುಕೊಳ್ಳಲಿಲ್ಲ. ಚೀಲವಿಲ್ಲದೆ ಓಣಿಯಲ್ಲಿ ಆ ಹತ್ತು ಹೆಜ್ಜೆ ಇಡುವಾಗ ಮೈಮೇಲೆ ಬಟ್ಟೆಯಿಲ್ಲದ ಹಾಗಾಯಿತು. ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳುವುದು ಎಂದು ಹೊಸ್ತಿಲವರೆಗೂ ಗೊತ್ತಿರಲಿಲ್ಲ.

ಎಲ್ಲರೂ ಸಾಲಾಗಿ ಕೂತಿದ್ದರು. ನನ್ನನ್ನು ಕಂಡ ಸುಗಂಧಾ, ಬಂದವರೆದುರು ಯಾರೇ ಮಾಡುವ ಹಾಗೆ, ಎದ್ದು ಗೂಡಿನ ಕಡೆ ಹೋದಳು. ಗಾರೆ ಬಿಟ್ಟ ಮೇಲೆ ನನ್ನಿಂದಲೇ ಕೊಂಡ ಜರಿ ಕುಂಚಿಗೆ ಅವಳ ಕೈಯಲ್ಲಿತ್ತು. ಗಡಿಗೆಯಪ್ಪ ಹಿರಿಯ ಮಗನ ಕಡೆ ನೋಡುತ್ತಿದ್ದ. ಎಲ್ಲರಿಗೂ ಸರದಿ ಬರುತ್ತದೆ. ಅವಳು ಮುಚ್ಚಿಬಿಟ್ಟಿದ್ದರೆ ನಾನು ಒಂದು ಲೋಟ ನೀರು ಕುಡಿದು, ಲಂಗದ ಅಂಚು ಇದ್ದರೆ ಕೊಡಿ ಎಂದು ಏನೋ ಹೇಳಿ, ಮರ್ಯಾದೆಯಿಂದ ಮನೆಗೆ ಬರಬಹುದಾಗಿತ್ತು.

"ಮುಚ್ಚಬ್ಯಾಡವ್ವಾ" ಎಂದೆ. "ಇರಲಿ ಬಿಡು."

ಸುಗಂಧಾ ಅತ್ತೆಯ ಮುಖ ನೋಡಿದಳು. ಮನೆಯವರೆಲ್ಲ ತಲೆ ತಗ್ಗಿಸಿ ತಮ್ಮತಮ್ಮ ತಾಟು ನೋಡತೊಡಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಹತ್ತೊಂಬತ್ತರ ಹುಡುಗಿಯ ಹಾಗೆ ಸೆರಗಿನ ತುದಿ ಹಿಡಿದು ನಿಂತೆ. ಕಣ್ಣು ತೆರೆದಾಗ ಗಡಿಗೆಯನ್ನು ನೋಡುವ ಧೈರ್ಯವಾಗಲಿಲ್ಲ, ಮಂದಿಯ ಮುಖ ನೋಡಿದೆ. ಅವರು ಗೂಡಿನ ಕಡೆ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ಕಿರಿಯ ಮೊಮ್ಮಗಳು, ಗಡಿಗಿ ಈ ಅಮ್ಮನ್ನ ನೋಡಾಕತ್ತೇತಿ ಎಂದು ಹೇಳಿಬಿಟ್ಟಳು. ತಾಯಿ ಅವಳ ಬಾಯಿ ಮುಚ್ಚಿದಳು.

ಗುರುಸಿದ್ದವ್ವ ಏನಾದರೂ ನಗೆಮಾತು ಆಡಿ ಇದನ್ನು ದಾಟಿಸುತ್ತಾಳೆ ಎಂದು ಎಲ್ಲರೂ ಕಾದರು. ನಾನೂ ಕಾದೆ. ಆಕೆ ಆಡಲಿಲ್ಲ. ಗೋಡೆಗೆ ಒರಗಿ ಕೂತಿದ್ದವಳು ಒಂದಿಷ್ಟು ಸರಿದು, ಪಕ್ಕದ ನೆಲವನ್ನು ಕೈಯಿಂದ ಒರೆಸಿದಳು.

ನಾನು ಅಲ್ಲಿ ಹೋಗಿ ಕೂತೆ. ಆಕೆ ತನ್ನ ತಾಟಿನ ರೊಟ್ಟಿಯನ್ನು ಮುರಿದು ಅರ್ಧ ನನ್ನ ಕೈಯಲ್ಲಿ ಇಟ್ಟಳು. ಯಾರೂ ಆರಾಮಿಲ್ಲೇನು ಎನ್ನಲಿಲ್ಲ, ಯಾರೂ ಗುಳಿಗೆ ತರಲಿಲ್ಲ. ಎಲ್ಲರೆದುರು, ತೆರೆದ ಮುಖದ ಆ ಗಡಿಗೆಯ ಕಣ್ಣೆದುರು, ನಾನು ಉಂಡೆ.